ಮಾದರಿ ವಿಮಾನಗಳ ಚರಿತ್ರೆಯೂ ಒಂದು ಚಿಟಿಕೆ ಎರೆಮಣ್ಣೂ



ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಮಗಳ ಮನೆಯಲ್ಲಿ ಒಂದು ತಿಂಗಳು ಇದ್ದೆ. ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನ ಹೆಸರಿಗೆ ಒಂದು ದಿನ ಕೊರಿಯರ್‌ನಲ್ಲಿ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದು ಬಂದಿತು. ಅದರೊಳಗೆ ಲೇಸರ್‌ನಿಂದ ಕತ್ತರಿಸಿದ ತೆಳುವಾದ ಬಾಲ್ಸಾ ಮರದ ಹಲಗೆಗಳು, ಮಡಿಸಿಟ್ಟ ನಕಾಶೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕವಾದ ನಾಲ್ಕು ಸರ್ವೋ ಮೋಟಾರುಗಳು, ಒಂದು ವಿದ್ಯುತ್ ಮೋಟಾರು ಹಾಗೂ ಒಂದು ಪ್ರೊಪೆಲರ್ ಇದ್ದವು. ರೇಡಿಯೊ ನಿಯಂತ್ರಣದ ಕೈಪೆಟ್ಟಿಗೆ ಅವನ ಬಳಿ ಮೊದಲೇ ಇತ್ತು. ಅಂದಿನಿಂದ ಹತ್ತು ದಿನ ಊಟದ ಮೇಜು ನಮಗೆ ಊಟಕ್ಕೆ ಸಿಗಲಿಲ್ಲ. ಅಂಟು, ಬ್ಲೇಡು, ಗುಂಡುಸೂಜಿಗಳ ನಡುವೆ ವಿಮಾನವೊಂದು ಮೆಲ್ಲಮೆಲ್ಲನೆ ಎಲುಬುಗೂಡಿನಂತೆ ಮೂಡಿ ನಿಂತಿತು.

ಹನ್ನೊಂದನೆಯ ದಿನ ಅವನು ರೆಕ್ಕೆಯ ಅಡಿಗೆ ಎರಡು ಬೆರಳುಗಳನ್ನಿಟ್ಟು ವಿಮಾನವನ್ನು ತೂಗಿ ನೋಡುತ್ತಿದ್ದ. ನಾನು ಓದುತ್ತಿದ್ದ ಪತ್ರಿಕೆಯಿಂದ ತಲೆಯೆತ್ತಿ, "ಮೂಗು ಹಗುರಾಯಿತು ನೋಡು, ಮುಂದುಗಡೆ ಸ್ವಲ್ಪ ತೂಕ ಹಾಕು" ಎಂದೆ. ಅವನಿಗೆ ಅಚ್ಚರಿಯಾಯಿತು. "ಅಜ್ಜ, ಇದು ನಿಮಗೆ ಹೇಗೆ ಗೊತ್ತು? ಯಾರು ಹೇಳಿಕೊಟ್ಟರು?" ಎಂದು ಕೇಳಿದ. ಆ ಕ್ಷಣ ನಾನು ಏನೋ ಹೇಳಿ ಮಾತು ತೇಲಿಸಿದೆ. ನಿಜವಾದ ಉತ್ತರವನ್ನು ಅವನಿಗೆ ಹೇಳಲು ನನಗೆ ನಾಲ್ಕು ದಿನಗಳು ಬೇಕಾದವು. ನಿಮಗೆ ಹೇಳಲು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿದಿದೆ. ಆ ಉತ್ತರವನ್ನು ಈ ಬರಹದ ಕೊನೆಗೆ ಇಟ್ಟಿದ್ದೇನೆ. ಇತಿಹಾಸ ಕಲಿಸಿದವನಾದ ಕಾರಣ ಮೊದಲು ಚರಿತ್ರೆಯನ್ನು ಹೇಳಿಯೇ ಮುಂದುವರಿಯುವ ಚಾಳಿ ನನ್ನದು; ನಿಮಗೆ ಅದು ಹೊಸದೇನಲ್ಲ.

ನಮ್ಮ ಪಾಮನಕಲ್ಲೂರು ಇಂದು ಮಸ್ಕಿ ತಾಲ್ಲೂಕಿನಲ್ಲಿದೆ. ನಾನು ಬೆಳೆದ ಕಾಲದಲ್ಲಿ ಲಿಂಗಸುಗೂರು ತಾಲ್ಲೂಕಿಗೆ ಸೇರಿತ್ತು. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು, 1948ರ ಸೆಪ್ಟೆಂಬರಿನವರೆಗೆ, ರಾಯಚೂರು ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ನಮ್ಮ ಬಾಲ್ಯದಲ್ಲಿ ವಿಮಾನವೆಂದರೆ ಕಣ್ಣಿಗಿಂತ ಮೊದಲು ಕಿವಿಗೆ ಸಿಗುವ ವಸ್ತು. ಸದ್ದು ಕೇಳಿದೊಡನೆ ಮನೆಯೊಳಗಿನವರು ಅಂಗಳಕ್ಕೂ, ಅಂಗಳದಲ್ಲಿದ್ದವರು ಮಾಳಿಗೆಗೂ ಓಡುತ್ತಿದ್ದೆವು. ಬೆಳ್ಳಿಯ ಚುಕ್ಕೆಯೊಂದು ದೂರದಲ್ಲಿ ಸರಿದು ಹೋದರೆ ಅಂದಿನ ದಿನ ಸಾರ್ಥಕ.

ಆದರೆ ಮಾದರಿ ಕಟ್ಟುವ ವಿದ್ಯೆ ನಮಗೆ ಅಪರಿಚಿತವಾಗಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸಿ ಎತ್ತುಗಳನ್ನು ಮಾಡುತ್ತಿದ್ದೆವು. ಸುಗ್ಗಿ ಮುಗಿದ ಮೇಲೆ ಜೋಳದ ದಂಟಿನ ಸಿಬಿರನ್ನು ಸುಲಿದು, ಒಳಗಿನ ಬೆಂಡನ್ನು ತುಂಡರಿಸಿ, ಸಿಬಿರನ್ನೇ ಮೊಳೆಯಂತೆ ಚುಚ್ಚಿ, ನೊಗ, ಗಾಲಿ, ಈಸುಗಳಿರುವ ಬಂಡಿಯನ್ನು ಕಟ್ಟುತ್ತಿದ್ದೆವು. ಅಂಟೂ ಬೇಡ, ದುಡ್ಡೂ ಬೇಡ. ಬೆಂಡು ಎಷ್ಟು ಹಗುರವೆಂದರೆ ಬಂಡಿಯನ್ನು ಅಂಗೈಯ ಮೇಲಿಟ್ಟು ಊದಿದರೆ ಹಾರಿ ಬೀಳುತ್ತಿತ್ತು. ಹಗುರವಾದ ಒಳಗನ್ನೂ ಗಟ್ಟಿಯಾದ ಹೊರಗನ್ನೂ ಬೇರ್ಪಡಿಸಿ, ಎರಡನ್ನೂ ಅವುಗಳಿಗೆ ತಕ್ಕ ಜಾಗದಲ್ಲಿ ಬಳಸುವ ಈ ಜಾಣತನವೇ ವಿಮಾನ ಕಟ್ಟುವವರ ಮೊದಲ ಪಾಠವೂ ಹೌದು ಎಂಬುದನ್ನು ನಾನು ಬಹಳ ತಡವಾಗಿ ತಿಳಿದೆ.

ದೊಡ್ಡ ವಿಮಾನವನ್ನು ನೋಡಿ ಮಕ್ಕಳಿಗಾಗಿ ಚಿಕ್ಕ ವಿಮಾನವನ್ನು ಮಾಡಿದರೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಚರಿತ್ರೆ ನಡೆದದ್ದು ಇದಕ್ಕೆ ತದ್ವಿರುದ್ಧವಾಗಿ. ಆಟಿಕೆ ಮೊದಲು ಹಾರಿತು; ಮನುಷ್ಯ ಅನಂತರ ಅದರಲ್ಲಿ ಕುಳಿತನು.

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಜಮೀನುದಾರ ಸರ್ ಜಾರ್ಜ್ ಕೇಯ್ಲಿ 1804ರಲ್ಲಿ ಸುಮಾರು ಐದು ಅಡಿ ಉದ್ದದ ಕೋಲೊಂದಕ್ಕೆ ಗಾಳಿಪಟವನ್ನೇ ರೆಕ್ಕೆಯಾಗಿ ಕಟ್ಟಿದನು. ಹಿಂದುಗಡೆ ಬೇಕಾದಂತೆ ತಿರುಗಿಸಬಲ್ಲ ಬಾಲವನ್ನು ಜೋಡಿಸಿದನು. ಮುಂದುಗಡೆ ಹಿಂದೆ ಮುಂದೆ ಸರಿಸಬಹುದಾದ ಒಂದು ತೂಕವನ್ನು ಇಟ್ಟನು. ಗುಡ್ಡದ ಮೇಲಿನಿಂದ ಬಿಟ್ಟಾಗ ಅದು ನೆಟ್ಟಗೆ ತೇಲುತ್ತ ಇಳಿಯಿತು. ಮುಂದೆ ರೆಕ್ಕೆ, ಹಿಂದೆ ಬಾಲ, ನಡುವೆ ಒಡಲು ಎಂಬ ಇಂದಿನ ವಿಮಾನದ ಆಕಾರ ಮೊದಲು ಕಾಣಿಸಿಕೊಂಡದ್ದು ಆ ಗಾಳಿಪಟದ ಗ್ಲೈಡರಿನಲ್ಲಿ. ಮೂಗಿನ ಬಳಿಯ ಆ ತೂಕವನ್ನು ಮಾತ್ರ ದಯವಿಟ್ಟು ನೆನಪಿನಲ್ಲಿಡಿ.

ಎರಡನೆಯ ಹೆಜ್ಜೆ ಫ್ರಾನ್ಸಿನದು. 1871ರ ಆಗಸ್ಟ್ 18ರಂದು ಪ್ಯಾರಿಸ್‌ನ ಟ್ಯೂಲರಿ ಉದ್ಯಾನದಲ್ಲಿ ಅಲ್ಫೋನ್ಸ್ ಪೆನೊ ಎಂಬ ಇಪ್ಪತ್ತೊಂದರ ತರುಣ, ತಿರುಚಿದ ರಬ್ಬರಿನ ಎಳೆಯಿಂದ ಓಡುವ ಪುಟ್ಟ ವಿಮಾನವೊಂದನ್ನು ಹಾರಿಸಿ ತೋರಿಸಿದನು. ಅದು 11 ಸೆಕೆಂಡುಗಳಲ್ಲಿ ಸುಮಾರು 131 ಅಡಿ ಹಾರಿತು. ಮೂವತ್ತೆರಡು ವರ್ಷಗಳ ಅನಂತರ, 1903ರ ಡಿಸೆಂಬರ್ 17ರಂದು, ರೈಟ್ ಸೋದರರು ಜಗತ್ತನ್ನೇ ಬದಲಿಸಿದ ತಮ್ಮ ಮೊದಲ ಹಾರಾಟದಲ್ಲಿ ಕ್ರಮಿಸಿದ್ದು 12 ಸೆಕೆಂಡುಗಳಲ್ಲಿ 120 ಅಡಿ! ಈ ಎರಡು ಅಂಕಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಪೆನೊ ಅನಂತರ ಮನುಷ್ಯರು ಕೂಡಬಹುದಾದ ವಿಮಾನದ ನಕ್ಷೆಯನ್ನೂ ಸಿದ್ಧಪಡಿಸಿದ. ಅದಕ್ಕೆ ಹಣ ಕೊಡುವವರು ಸಿಗಲಿಲ್ಲ. 1880ರಲ್ಲಿ, ಕೇವಲ ಮೂವತ್ತರ ಹರೆಯದಲ್ಲಿ, ನಿರಾಶನಾಗಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ.

ಆದರೆ ಅವನ ಆಟಿಕೆ ಬದುಕಿತು. 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ಪ್ರವಾಸದಿಂದ ಮರಳುವಾಗ ಪೆನೊ ಮಾದರಿಯ, ಬಿದಿರು, ಬೆಂಡು, ಕಾಗದ ಮತ್ತು ರಬ್ಬರಿನಿಂದ ಮಾಡಿದ ಹಾರುವ ಗೊಂಬೆಯನ್ನು ತಮ್ಮ ಇಬ್ಬರು ಚಿಕ್ಕ ಮಕ್ಕಳಿಗೆ ತಂದುಕೊಟ್ಟರು. ಆ ಮಕ್ಕಳೇ ವಿಲ್ಬರ್ ಮತ್ತು ಆರ್ವಿಲ್ ರೈಟ್. ಗೊಂಬೆ ಮುರಿದಾಗ ಮಕ್ಕಳು ತಾವೇ ಇನ್ನೊಂದನ್ನು ಮಾಡಿದರು. ಇನ್ನೂ ದೊಡ್ಡದನ್ನು ಮಾಡಿದರು. ದೊಡ್ಡದು ಮಾಡಿದಷ್ಟೂ ಅದು ಕಡಿಮೆ ಹಾರಿತು. ಕಾರಣ ಸರಳ. ಅಳತೆ ಎರಡು ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಮಾತ್ರ ಎಂಟು ಪಟ್ಟಾಗುತ್ತದೆ. ಮಕ್ಕಳಿಗೆ ಆಗ ಈ ಲೆಕ್ಕ ತಿಳಿದಿರಲಿಲ್ಲ. ಆದರೆ ತಿಳಿಯಬೇಕೆಂಬ ಹಟ ಹುಟ್ಟಿತು. ಬೆಳೆದ ಮೇಲೆ, 1901ರಲ್ಲಿ, ಅದೇ ಸೋದರರು ಮರದ ಪೆಟ್ಟಿಗೆಯಲ್ಲಿ ಗಾಳಿ ಬೀಸುವಂತೆ ಮಾಡಿ ಸುಮಾರು 200 ಪುಟ್ಟ ಮಾದರಿ ರೆಕ್ಕೆಗಳನ್ನು ಪರೀಕ್ಷಿಸಿದರು. ಅದರ ಫಲವೇ 1903ರ ಹಾರಾಟ.

ಇಲ್ಲಿ ಒಂದು ವಿಷಯವನ್ನು ಬಿಟ್ಟು ಮುಂದುವರಿಯುವಂತಿಲ್ಲ. ತರಗತಿಯಲ್ಲಿ ರೈಟ್ ಸೋದರರ ಹೆಸರು ಬಂದೊಡನೆ, "ಸರ್, ನಮ್ಮಲ್ಲಿ ಪುಷ್ಪಕ ವಿಮಾನ ಇತ್ತಲ್ಲ?" ಎಂದು ನಿಮ್ಮಲ್ಲಿ ಹಲವರು ಕೇಳಿದ್ದುಂಟು. 'ವೈಮಾನಿಕ ಶಾಸ್ತ್ರ' ಎಂಬ ಗ್ರಂಥದ ಹೆಸರನ್ನೂ ಹೇಳಿದ್ದುಂಟು. ಈ ಗ್ರಂಥ ನಮ್ಮ ಕರ್ನಾಟಕದ್ದೇ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಹೇಳಿ ಬರೆಸಿದ್ದು ಇದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮೊದಲಾದ ಐವರು ವಿದ್ವಾಂಸರು 1974ರಲ್ಲಿ ಇದನ್ನು ಭಾಷೆಯ ದೃಷ್ಟಿಯಿಂದಲೂ ವಿಮಾನವಿಜ್ಞಾನದ ದೃಷ್ಟಿಯಿಂದಲೂ ಪರಿಶೀಲಿಸಿದರು. ಗ್ರಂಥ 1904ಕ್ಕಿಂತ ಹಳೆಯದಾಗಿರಲಾರದೆಂದೂ, ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ತೀರ್ಮಾನಿಸಿದರು. ಪುರಾಣದ ಪುಷ್ಪಕ ನಮ್ಮ ಕಲ್ಪನೆಯ ಸಂಪತ್ತು, ಅದಕ್ಕೆ ಗೌರವವಿರಲಿ. ಆದರೆ ಹಾರುವುದೋ ಇಲ್ಲವೋ ಎಂಬ ಪ್ರಶ್ನೆಗೆ ಶ್ಲೋಕ ಉತ್ತರ ಹೇಳದು. ಎರಡು ಅಡಿಯ ಮಾದರಿಯೊಂದನ್ನು ಕಟ್ಟಿ ಮಾಳಿಗೆಯಿಂದ ಬಿಟ್ಟರೆ ಗಾಳಿ ತಾನೇ ಉತ್ತರ ಹೇಳುತ್ತದೆ. ಮಾದರಿ ವಿಮಾನದ ದೊಡ್ಡ ಗುಣವೇ ಇದು: ಅದು ಯಾರ ಮುಲಾಜಿಗೂ ಒಳಗಾಗುವುದಿಲ್ಲ.

ಕರ್ನಾಟಕದ ವಿಮಾನ ಚರಿತ್ರೆಯಲ್ಲಿಯೂ ಮರದ ಮಾದರಿಗಳ ಪಾತ್ರ ದೊಡ್ಡದು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ಆರಂಭವಾಯಿತು. ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಬೆಂಗಳೂರಿನ ಆಕಾಶಕ್ಕೇರಿತು. ಆಮೇಲೆ ಜರ್ಮನಿಯ ಕುರ್ಟ್ ಟ್ಯಾಂಕ್ ಅವರು ಬಂದು 'ಮಾರುತ' ಎಂಬ ಜೆಟ್ ಯುದ್ಧವಿಮಾನವನ್ನು ರೂಪಿಸಿದರು. ಲೋಹದ ಜೆಟ್ ವಿಮಾನ ಕಟ್ಟುವುದಕ್ಕೆ ಮೊದಲು, 1959ರಲ್ಲಿ, ಅದೇ ಅಳತೆಯ ಮರದ ಗ್ಲೈಡರೊಂದನ್ನು ಮಾಡಿ, ಡಕೋಟಾ ವಿಮಾನದ ಹಿಂದೆ ಹಗ್ಗದಲ್ಲಿ ಕಟ್ಟಿ ಮೇಲಕ್ಕೆಳೆದು, ಬಿಟ್ಟು, ಹಾರಾಟದ ಗುಣಗಳನ್ನು ಪರೀಕ್ಷಿಸಿದರು. ನಿಜವಾದ ಮಾರುತ ಹಾರಿದ್ದು 1961ರ ಜೂನ್ 17ರಂದು. ಮಕ್ಕಳು ಗಾಳಿಪಟವನ್ನು ದಾರದಲ್ಲಿ ಎಳೆದು ಏರಿಸುವ ಬಗೆಗೂ ಇದಕ್ಕೂ ಎಷ್ಟು ಅಂತರ?

ಇನ್ನು ಹವ್ಯಾಸದ ಮಾತು. ಪೆಟ್ಟಿಗೆಯಲ್ಲಿ ಬಿಡಿಭಾಗಗಳನ್ನಿಟ್ಟು ಮಾರುವ 'ಕಿಟ್' ಪದ್ಧತಿಗೆ ಬೆನ್ನೆಲುಬಾದದ್ದು ಬಾಲ್ಸಾ ಮರ. ಅದು ಮುಖ್ಯವಾಗಿ ದಕ್ಷಿಣ ಅಮೆರಿಕದ ಇಕ್ವೆಡಾರ್ ದೇಶದಿಂದ ಬರುತ್ತದೆ. ಆರೇಳು ವರ್ಷಗಳಲ್ಲಿ ಕಡಿಯುವಷ್ಟು ಬೆಳೆಯುವ, ಬೆಂಡಿನಂತೆ ಹಗುರವಾದ ಮರ. ಸ್ಪ್ಯಾನಿಷ್ ಭಾಷೆಯಲ್ಲಿ 'ಬಾಲ್ಸಾ' ಎಂದರೆ ತೆಪ್ಪ. ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷರ 'ಮಸ್ಕಿಟೊ' ಬಾಂಬರ್ ವಿಮಾನದ ಒಡಲಿನಲ್ಲಿಯೂ ತೆಳುವಾದ ಪ್ಲೈವುಡ್ ಪದರಗಳ ನಡುವೆ ಇದನ್ನೇ ತುಂಬಿದ್ದರು. ಹೊರಗೆ ಗಟ್ಟಿ, ಒಳಗೆ ಬೆಂಡು: ನಮ್ಮ ಜೋಳದ ದಂಟಿನ ಸೂತ್ರವೇ.

ಕಟ್ಟುವ ಕ್ರಮ ಹೀಗೆ. ನಕಾಶೆಯನ್ನು ಹಲಗೆಯ ಮೇಲೆ ಹರಡಿ, ಅದರ ಮೇಲೆ ಪಕ್ಕೆಲುಬಿನಂತಹ ತುಂಡುಗಳನ್ನು ಗುಂಡುಸೂಜಿಯಿಂದ ನಿಲ್ಲಿಸಿ, ಉದ್ದನೆಯ ಕಡ್ಡಿಗಳಿಂದ ಬೆಸೆದು ರೆಕ್ಕೆ ಮಾಡುತ್ತಾರೆ. ರೆಕ್ಕೆಗಳೆರಡೂ ನಡುವಿನಲ್ಲಿ ಸ್ವಲ್ಪ ಮೇಲಕ್ಕೆ ಬಾಗಿರಬೇಕು; ಒಂದು ಪಕ್ಕಕ್ಕೆ ವಾಲಿದಾಗ ತಾನಾಗಿಯೇ ಸರಿಯಾಗಲು ಅದು ನೆರವಾಗುತ್ತದೆ. ಮೇಲೆ ತೆಳುವಾದ ಕಾಗದವನ್ನು ಹೊದಿಸಿ 'ಡೋಪ್' ಎಂಬ ಮೆರುಗೆಣ್ಣೆಯನ್ನು ಬಳಿದರೆ ಕಾಗದ ಒಣಗುತ್ತ ಹಲಗೆಯ ಚರ್ಮದಂತೆ ಬಿಗಿಯಾಗುತ್ತದೆ. ಕೊನೆಯದು, ಎಲ್ಲಕ್ಕಿಂತ ಮುಖ್ಯವಾದುದು, ತೂಕದ ಸಮತೋಲ. ಸಾಮಾನ್ಯವಾಗಿ ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಮೂರನೆಯ ಒಂದು ಭಾಗದಷ್ಟು ಹಿಂದೆ ಬೆರಳಿಟ್ಟರೆ ವಿಮಾನ ಸಮವಾಗಿ ನಿಲ್ಲಬೇಕು. ಬಾಲ ಭಾರವಾದರೆ ಮೂಗೆತ್ತಿ, ವೇಗ ಕಳೆದುಕೊಂಡು, ದೊಪ್ಪನೆ ಬೀಳುತ್ತದೆ.

ನಮ್ಮ ದೇಶದಲ್ಲಿ ಈ ಹವ್ಯಾಸವನ್ನು ಶಾಲೆ ಕಾಲೇಜುಗಳಿಗೆ ತಲುಪಿಸಿದ ಶ್ರೇಯಸ್ಸು ಬಹುಮಟ್ಟಿಗೆ ಎನ್.ಸಿ.ಸಿ.ಯದು. 1948ರ ಕಾಯಿದೆಯಿಂದ ಹುಟ್ಟಿದ ಎನ್.ಸಿ.ಸಿ.ಗೆ 1950ರಲ್ಲಿ ವಾಯುದಳ ಸೇರಿತು. ಅದರ ಕೆಡೆಟ್‌ಗಳಿಗೆ ಮಾದರಿ ವಿಮಾನ ಕಟ್ಟುವುದು ತರಬೇತಿಯ ಭಾಗ. ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದ ಸುತ್ತಮುತ್ತ ಬೆಳೆದವರಿಗೆ ಈ ಪುಟ್ಟ ಎಂಜಿನ್ನುಗಳ ಕಿರುಚಾಟ ಚಿರಪರಿಚಿತ. ಕಲ್ಕತ್ತೆಯ ಇಂಡಿಯಾಸ್ ಹಾಬಿ ಸೆಂಟರ್ ದೇಶದ ಹವ್ಯಾಸಿಗಳೆಲ್ಲರಿಗೆ ಗೊತ್ತಿದ್ದ ಹೆಸರು.

ಆ ಪುಟ್ಟ ಡೀಸೆಲ್ ಎಂಜಿನ್ನುಗಳ ಇಂಧನದ ಸಂಗತಿ ನಿಮಗೆ ಸೋಜಿಗವೆನಿಸಬಹುದು. ಈಥರ್, ಸೀಮೆಎಣ್ಣೆ ಮತ್ತು ಹರಳೆಣ್ಣೆಯನ್ನು ಹೆಚ್ಚುಕಡಿಮೆ ಸಮಪಾಲಿನಲ್ಲಿ ಬೆರೆಸುತ್ತಿದ್ದರು. ಈಥರ್ ಬೇಗ ಹೊತ್ತಿಕೊಳ್ಳಲು, ಸೀಮೆಎಣ್ಣೆ ಶಕ್ತಿಗೆ, ಹರಳೆಣ್ಣೆ ಜಾರುವಿಕೆಗೆ. ನಮ್ಮ ಸೀಮೆಯಲ್ಲಿ ಹೊಲದ ಬದುವಿನ ಮೇಲೆ ಬೆಳೆಯುವ ಔಡಲದ ಎಣ್ಣೆ! ಅವ್ವ ನಮ್ಮ ನೆತ್ತಿಗೆ ತಟ್ಟುತ್ತಿದ್ದ ಅದೇ ಎಣ್ಣೆ ವಿಮಾನದ ಎಂಜಿನ್ನಿಗೂ ಬೇಕಾಗಿತ್ತು ಎಂಬುದನ್ನು ಓದಿದ ದಿನ ನನಗೆ ವಿಮಾನ ಮೊದಲ ಬಾರಿಗೆ ನಮ್ಮ ಮನೆಯ ವಸ್ತುವಿನಂತೆ ಕಂಡಿತು.

ರೇಡಿಯೊ ಅಲೆಗಳಿಂದ ದೂರದ ವಸ್ತುವನ್ನು ನಿಯಂತ್ರಿಸುವ ಕತೆಯಲ್ಲಿ ಭಾರತಕ್ಕೂ ಒಂದು ಪುಟವುಂಟು. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ತಂತಿಯಿಲ್ಲದೆ, ಗೋಡೆಗಳಾಚೆಗೆ ಅಲೆಗಳನ್ನು ಕಳುಹಿಸಿ ಗಂಟೆ ಬಾರಿಸಿದರು, ಮದ್ದು ಸಿಡಿಸಿದರು. 1898ರಲ್ಲಿ ನ್ಯೂಯಾರ್ಕಿನಲ್ಲಿ ನಿಕೋಲ ಟೆಸ್ಲಾ ರೇಡಿಯೊದಿಂದ ನಡೆಯುವ ಪುಟ್ಟ ದೋಣಿಯನ್ನು ತೋರಿಸಿದರು. ಮಾದರಿ ವಿಮಾನಕ್ಕೆ ಈ ವಿದ್ಯೆ ಕೈಗೂಡಿದ್ದು 1937ರಲ್ಲಿ, ಅಮೆರಿಕದ ಕಲಮಜೂ ಎಂಬ ಊರಿನ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರ ಕೈಯಲ್ಲಿ. ಅವರ 'ಗಫ್' ಎಂಬ ವಿಮಾನ ಈಗ ಅಲ್ಲಿಯ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ನಮ್ಮ ಪಾಲಿಗೆ ಅದು ಬಹುದೂರದ ಮಾತಾಗಿತ್ತು. 1933ರ ವೈರ್‌ಲೆಸ್ ಕಾಯಿದೆಯ ಪ್ರಕಾರ ಮನೆಯಲ್ಲಿ ಹಾಡು ಕೇಳುವ ರೇಡಿಯೊಕ್ಕೂ ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಿ ಲೈಸೆನ್ಸ್ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕಾಗಿದ್ದ ಕಾಲವದು. ಇನ್ನು ಅಲೆಗಳನ್ನು ಹೊರಡಿಸುವ ಯಂತ್ರದ ಪಾಡೇನು? ವಿದೇಶದ ರೇಡಿಯೊ ಕಂಟ್ರೋಲ್ ಸೆಟ್ಟಿನ ಬೆಲೆಗೆ ನನ್ನಂತಹ ಶಿಕ್ಷಕನ ಹಲವು ತಿಂಗಳ ಸಂಬಳ ಸಾಲುತ್ತಿರಲಿಲ್ಲ. ಆದ್ದರಿಂದ ನಾನು ಆರಿಸಿಕೊಂಡದ್ದು ಪೆನೊನ ದಾರಿಯನ್ನು: ರಬ್ಬರಿನ ಎಳೆಯಿಂದ ಹಾರುವ ವಿಮಾನವನ್ನು.

ಇದು 1979ರ ಮಾತು. ನೌಕರಿಗೆ ಸೇರಿ ಐದು ವರ್ಷವಾಗಿತ್ತು. ನಮ್ಮ ಭಾಗದ ಒಂದು ಪ್ರೌಢಶಾಲೆಯಲ್ಲಿದ್ದೆ. ತರಬೇತಿಗೆಂದು ಬೆಂಗಳೂರಿಗೆ ಹೋದವನು ಅಂಗಡಿಯೊಂದರಲ್ಲಿ ಬಾಲ್ಸಾ ಕಿಟ್ಟನ್ನು ಕಂಡು, ಮನೆಗೆ ಒಯ್ಯಬೇಕಾಗಿದ್ದ ಸೀರೆಯ ದುಡ್ಡಿನಲ್ಲಿ ಅದನ್ನು ಕೊಂಡು ತಂದೆ. ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ. ದಸರೆಯ ರಜೆಯುದ್ದಕ್ಕೂ ಪಡಸಾಲೆಯಲ್ಲಿ ಕುಳಿತು ಕಟ್ಟಿದೆ. ಪೆಟ್ಟಿಗೆಯಲ್ಲಿದ್ದ ತೆಳುವಾದ ಕಾಗದ ನನ್ನ ಒರಟು ಕೈಯಲ್ಲಿ ಹರಿಯಿತು. ಅದರ ಬದಲಿಗೆ ಗಾಳಿಪಟದ ದಪ್ಪ ಕಾಗದವನ್ನು ಗೋಧಿಹಿಟ್ಟಿನ ಅಂಟಿನಿಂದ ಹೊದಿಸಿದೆ. ಬಾಲಕ್ಕೂ ಅದನ್ನೇ ಎರಡು ಪದರ ಹಚ್ಚಿ ಅಂದ ಮಾಡಿದೆ. ಅಲ್ಲಿಯೇ ಎಡವಿದ್ದು ಎಂದು ಈಗ ತಿಳಿಯುತ್ತದೆ, ಹಿಂಭಾಗ ಭಾರವಾಯಿತು.

ರಜೆ ಮುಗಿದ ಮೇಲೆ ಒಂದು ಸಂಜೆ ಮೈದಾನದಲ್ಲಿ ಮಕ್ಕಳನ್ನೆಲ್ಲ ಸೇರಿಸಿದೆ. ರೈಟ್ ಸೋದರರ ಮೇಲೆ ಒಂದು ಭಾಷಣವನ್ನೂ ಮಾಡಿದೆ. ಪ್ರೊಪೆಲರನ್ನು ನೂರು ಸುತ್ತು ತಿರುಗಿಸಿ ಬಿಟ್ಟೆ. ವಿಮಾನ ಮೂಗೆತ್ತಿ ಮೇಲಕ್ಕೆ ಹಾರಿ, ಗಾಳಿಯಲ್ಲಿ ಅರೆಗಳಿಗೆ ನಿಂತು, ನೆಲಕ್ಕೆ ಬಿತ್ತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಮಕ್ಕಳು ನಕ್ಕರು. ನನ್ನ ಜೊತೆಗಿದ್ದ ಶಿಕ್ಷಕರೊಬ್ಬರೂ ನಕ್ಕರು.

ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಗುಂಪಿನಿಂದ ಹೊರಬಂದ. ಹಿಂದಿನ ಬೆಂಚಿನವನು. ಅವನ ಮನೆಯವರು ಪ್ರತಿವರ್ಷ ಸುಗ್ಗಿ ಮುಗಿದೊಡನೆ ಗುಳೆ ಹೋಗುತ್ತಿದ್ದುದರಿಂದ ಅವನ ಹಾಜರಿ ಯಾವಾಗಲೂ ಕಡಿಮೆ. ಅದಕ್ಕಾಗಿ ನನ್ನಿಂದ ಹಲವು ಸಲ ಬೈಸಿಕೊಂಡಿದ್ದ. ಬಿದ್ದ ವಿಮಾನವನ್ನು ಎತ್ತಿಕೊಂಡು, ಯಾರೂ ಹೇಳದೆಯೇ, ಎರಡು ಬೆರಳ ಮೇಲೆ ಇಟ್ಟು ನೋಡಿದ. "ಸರ್, ಇದರ ಮೂಗು ಹಗುರ ಐತ್ರಿ" ಎಂದ. ನಲ್ಲಿಯ ಬಳಿ ಹಸಿಯಾಗಿದ್ದ ಎರೆಮಣ್ಣನ್ನು ಚಿಟಿಕೆಯಷ್ಟು ತಂದು ಪ್ರೊಪೆಲರಿನ ಹಿಂದೆ ಅಂಟಿಸಿ, ಮತ್ತೆ ಬೆರಳ ಮೇಲಿಟ್ಟು, ಇನ್ನಷ್ಟು ಅಂಟಿಸಿದ. ನನ್ನ ಕಡೆ ನೋಡಿ, ನಾನು ಏನೂ ಹೇಳದಿದ್ದಾಗ, ತಾನೇ ಪ್ರೊಪೆಲರ್ ತಿರುಗಿಸಿ ಬಿಟ್ಟ.

ವಿಮಾನ ಹಾರಿತು. ಬೇವಿನ ಮರವನ್ನು ದಾಟಿ, ಅರ್ಧ ಸುತ್ತು ಹಾಕಿ, ಕಂಪೌಂಡಿನ ಆಚೆ ಜೋಳದ ಹೊಲದಲ್ಲಿ ಇಳಿಯಿತು. ಮಕ್ಕಳ ಕೇಕೆ ಮುಗಿಲು ಮುಟ್ಟಿತು. ಎಲ್ಲರೂ ಕೂಗಿದ್ದು ಅವನ ಹೆಸರನ್ನು.

ಮುಂದೆ ನಡೆದದ್ದನ್ನು ಬರೆಯಲು ಕೈ ತಡೆಯುತ್ತದೆ. ನಾನು ಅವನನ್ನು ಅಪ್ಪಿಕೊಳ್ಳಬೇಕಾಗಿತ್ತು. 'ಕೇಯ್ಲಿ 1804ರಲ್ಲಿ ಮಾಡಿದ್ದನ್ನು ನೀನು ಇಂದು ಮಾಡಿದೆ' ಎಂದು ಎಲ್ಲರೆದುರು ಹೇಳಬೇಕಾಗಿತ್ತು. ಅದರ ಬದಲು, "ಕೇಳದೆ ಮಾಸ್ತರರ ವಸ್ತು ಮುಟ್ಟುತ್ತೀಯೇನು?" ಎಂದು ಗದರಿ, ಅಂಗೈಗೆ ಎರಡು ಏಟು ಹಾಕಿದೆ. ಆ ಕೈಗೆ ಮಣ್ಣು ಇನ್ನೂ ಅಂಟಿತ್ತು. ವಿಮಾನವನ್ನು ತರಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅದು ಮತ್ತೆ ಹೊರಗೆ ಬರಲಿಲ್ಲ. ಕೆಲವು ವರ್ಷಗಳಲ್ಲಿ ಇಲಿಗಳು ಅದನ್ನು ಮುಗಿಸಿದವು.

ಹುಡುಗ ಅಳಲಿಲ್ಲ. ಮರುದಿನವೂ ಬಂದ. ಸುಗ್ಗಿ ಮುಗಿದ ಮೇಲೆ ಮನೆಯವರೊಂದಿಗೆ ದುಡಿಯಲು ಹೋದ. ಮುಂದಿನ ಜೂನ್‌ನಲ್ಲಿ ಮರಳಿ ಬರಲಿಲ್ಲ. ನನ್ನ ಏಟಿನಿಂದಲೇ ಶಾಲೆ ಬಿಟ್ಟನೆಂದು ನಾನು ಹೇಳಲಾರೆ. ಬಡತನವೂ ಬರವೂ ಅಂದು ಎಷ್ಟೋ ಮಕ್ಕಳನ್ನು ಶಾಲೆಯಿಂದ ಎಳೆದೊಯ್ದವು. ಆದರೆ ಅವನು ಮರಳಿ ಬರಲು ಒಂದು ಕಾರಣವನ್ನು ನಾನು ಕೊಡಬಹುದಾಗಿತ್ತು, ಕೊಡಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನೂ ನಾನೇ.

ಚರಿತ್ರೆ ಮುಂದೆ ಸಾಗಿತು. ರೇಡಿಯೊ ಸೆಟ್ಟುಗಳು ಅಗ್ಗವಾದವು; ಲಿಥಿಯಂ ಬ್ಯಾಟರಿಗಳೂ ಹೊಸ ಬಗೆಯ ಮೋಟಾರುಗಳೂ ಬಂದು ಎಣ್ಣೆಯ ಎಂಜಿನ್ನುಗಳನ್ನು ಹಿಂದಕ್ಕೆ ಸರಿಸಿದವು. 2003ರ ಆಗಸ್ಟ್‌ನಲ್ಲಿ ಮೇನಾರ್ಡ್ ಹಿಲ್ ಎಂಬ ಎಪ್ಪತ್ತೇಳು ವರ್ಷದ, ಕಣ್ಣು ಬಹುತೇಕ ಕಾಣದ ಅಮೆರಿಕದ ಹವ್ಯಾಸಿ ಕಟ್ಟಿದ, ಐದು ಕಿಲೋಗ್ರಾಂಗಿಂತ ಕಡಿಮೆ ತೂಕದ ಬಾಲ್ಸಾ ವಿಮಾನ ಕೆನಡದ ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು 38 ಗಂಟೆ 52 ನಿಮಿಷಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಐರ್ಲೆಂಡಿನಲ್ಲಿ ಇಳಿಯಿತು. ಮರವನ್ನು ಅವರು ಕೈಯಿಂದ ಮುಟ್ಟಿ ಮುಟ್ಟಿಯೇ ಕಟ್ಟುತ್ತಿದ್ದರಂತೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಎರಡು ಬೆರಳ ಮೇಲೆ ತೂಕ ಅಳೆದ ಆ ಹುಡುಗನ ಕೈ.

ಈಗ ನಮ್ಮ ಸೀಮೆಯ ಹೊಲಗಳ ಮೇಲೆಯೇ ಡ್ರೋನ್‌ಗಳು ಹಾರುತ್ತಿವೆ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಅವುಗಳಿಂದ ಔಷಧಿ ಸಿಂಪಡಿಸುವ ಪ್ರಯೋಗಗಳನ್ನು ನಡೆಸಿದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಡ್ರೋನ್ ಕೊಡುವ ಯೋಜನೆಗೆ ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿಗೆ ಕೊಟ್ಟಿತು. 2014ರ ಅಕ್ಟೋಬರಿನಲ್ಲಿ ಸಾರ್ವಜನಿಕರ ಡ್ರೋನ್ ಬಳಕೆಗೆ ಹಾಕಿದ್ದ ತಡೆ ಹಂತಹಂತವಾಗಿ ಸಡಿಲಗೊಂಡು, 2021ರ ಡ್ರೋನ್ ನಿಯಮಗಳು ಬಂದವು. ಅವುಗಳ ಪ್ರಕಾರ 250 ಗ್ರಾಂವರೆಗಿನ ಯಂತ್ರ ಹಾರಿಸಲು ಪೈಲಟ್ ಪರವಾನಗಿ ಬೇಡ. 2 ಕಿಲೋವರೆಗಿನದನ್ನೂ ವ್ಯಾಪಾರಕ್ಕಲ್ಲದೆ ಹಾರಿಸುವುದಾದರೆ ಪರವಾನಗಿ ಬೇಡ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಮುಂಗಡ ಅನುಮತಿಯೂ ಬೇಡ. ವಿಮಾನ ನಿಲ್ದಾಣ, ಸೇನೆಯ ಜಾಗಗಳ ಸುತ್ತ ಮಾತ್ರ ಕಟ್ಟುನಿಟ್ಟು. ನಿಮ್ಮ ಮಕ್ಕಳು ಈ ಹವ್ಯಾಸಕ್ಕೆ ಕೈಹಾಕಿದರೆ ಮೊದಲು ನಕ್ಷೆ ನೋಡಿ ವಲಯ ತಿಳಿದುಕೊಳ್ಳಲಿ. ಜನರ ತಲೆಯ ಮೇಲೆ, ವಿದ್ಯುತ್ ತಂತಿಗಳ ಬಳಿ ಹಾರಿಸದಿರಲಿ.

ಮೊಮ್ಮಗನಿಗೆ ಈ ಕತೆಯನ್ನು ಹೇಳಿದ ಮರುದಿನ ಬೆಳಿಗ್ಗೆ ಊರ ಹೊರಗಿನ ಬಯಲಿಗೆ ಹೋದೆವು. ಅವನು ಮೂಗಿನೊಳಗೆ ಸೀಸದ ತುಂಡನ್ನು ಅಂಟಿಸಿದ್ದ. ವಿಮಾನ ಎದ್ದು, ತಿರುಗಿ, ನಮ್ಮ ಕಡೆಗೇ ಮರಳಿ ಬಂದು, ಹುಲ್ಲಿನ ಮೇಲೆ ಮೆತ್ತಗೆ ಇಳಿಯಿತು. ಅವನು ಕೈಪೆಟ್ಟಿಗೆಯನ್ನು ಕೆಳಗಿಟ್ಟು, "ಅಜ್ಜ, ಆ ಹುಡುಗ ಈಗ ಎಲ್ಲಿದ್ದಾನೆ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. "ಹುಡುಕಲಿಲ್ಲವೆ?" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮಸ್ಕಿಯ ಶಾಸನದ ಪಾಠ ನಿಮಗೆ ನೆನಪಿರಬೇಕು. 1915ರಲ್ಲಿ ನಮ್ಮ ಪಕ್ಕದ ಆ ಬಂಡೆಗಲ್ಲಿನ ಮೇಲೆ ಅಶೋಕ ಎಂಬ ಹೆಸರು ಸಿಕ್ಕ ಮೇಲೆಯೇ 'ದೇವಾನಾಂಪ್ರಿಯ' ಯಾರೆಂಬುದು ಖಚಿತವಾಯಿತು ಎಂದು ಪ್ರತಿವರ್ಷ ಹೇಳುತ್ತಿದ್ದೆ. ಹೆಸರನ್ನು ಹುಡುಕುವುದೇ ಇತಿಹಾಸಕಾರನ ಕೆಲಸವೆಂದು ನಿಮಗೆ ಬೋಧಿಸಿದವನು, ನನ್ನದೇ ತರಗತಿಯ ಒಂದು ಹೆಸರನ್ನು ಹುಡುಕಲಿಲ್ಲ. ಆ ಹೆಸರು ನನಗೆ ಚೆನ್ನಾಗಿ ನೆನಪಿದೆ. ಅವನ ಒಪ್ಪಿಗೆಯಿಲ್ಲದೆ ಇಲ್ಲಿ ಬರೆಯುವುದು ಸರಿಯಲ್ಲವೆಂದು ಬಿಟ್ಟಿದ್ದೇನೆ.

ಆ ಸಂಜೆ ಮೈದಾನದಲ್ಲಿದ್ದವರು ನಿಮ್ಮಲ್ಲಿ ಕೆಲವರಾದರೂ ಇದನ್ನು ಓದುತ್ತೀರಿ. ಅವನು ಯಾರೆಂದು ನಿಮಗೆ ತಿಳಿದಿದೆ. ಎಲ್ಲಿದ್ದಾನೆಂದು ಬಲ್ಲವರು ದಯವಿಟ್ಟು ನನಗೆ ತಿಳಿಸಿರಿ. ಅವನಿಗೂ ಈಗ ಅರವತ್ತು ದಾಟಿರಬೇಕು. ಅವನು ಒಪ್ಪಿದರೆ ನಾನೇ ಅವನಿದ್ದಲ್ಲಿಗೆ ಹೋಗುತ್ತೇನೆ. ಮೊಮ್ಮಗನೂ ಬರುತ್ತೇನೆಂದಿದ್ದಾನೆ, ವಿಮಾನವನ್ನೂ ತರುತ್ತಾನಂತೆ.